ರಾಮಲಕ್ಷ್ಮಮ್ಮನ ಬ್ಲೇಡು ಶಾಸ್ತ್ರ

ಮಗಳು ಸುಕನ್ಯ ಇಂದಿರಾನಗರದ ಕಾಲೇಜಿಗೆ ಸೇರಿದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಅವಳ ಗದ್ದದ ಮೇಲೆ ಒರಟು ಕೂದಲು ಮೂಡತೊಡಗಿತು. ದವಡೆಯುದ್ದಕ್ಕೂ ಮೊಡವೆ. ತಲೆಯ ಮೇಲೆ ಮಾತ್ರ ಬೈತಲೆ ದಿನೇ ದಿನೇ ಅಗಲವಾಗುತ್ತಿತ್ತು.

"ಥೇಟ್ ನಮ್ ಹೊಲಾನೇ ಕಣೇ. ಬಿತ್ತಿದ್ ಕಡೆ ಬರಲ್ಲ, ಬದುವಿನ ಮೇಲೆ ಹುಲುಸು" ಎಂದು ಅಪ್ಪ ದೊಡ್ಡಮುನಿಯಪ್ಪ ನಕ್ಕ. ಸುಕನ್ಯ ಅರ್ಧ ಊಟದಲ್ಲೇ ಎದ್ದುಹೋದಳು.

ಅವಳಮ್ಮ ರಾಮಲಕ್ಷ್ಮಮ್ಮ ದೊಡ್ಡನೆಕ್ಕುಂದಿಯಲ್ಲಿ ಹುಟ್ಟಿ ಅಲ್ಲೇ ಮದುವೆಯಾದವಳು. ಊರಿನ ಅರ್ಧ ಜನ ನೆಂಟರು, ಉಳಿದರ್ಧ ಸಲಹೆಗಾರರು. ಕಸ್ತೂರಿ ಅರಿಶಿನ ತಿಕ್ಕಿದ್ದಾಯಿತು, ಕಡಲೆಹಿಟ್ಟು ಹಚ್ಚಿದ್ದಾಯಿತು. ಮಗಳು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದುದನ್ನು ಓದಿನ ಉಷ್ಣದ ತಲೆಗೆ ಕಟ್ಟಿದ್ದಾಯಿತು. ಕಡೆಗೆ ಹಲಸೂರಿನ ಡಾಕ್ಟರಮ್ಮನ ಬಳಿ ಹೋದರು.

"ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಇದೆ, ಹಾರ್ಮೋನ್ ಏರುಪೇರು" ಎಂದರು ಡಾಕ್ಟರಮ್ಮ. "ಎಷ್ಟೋ ಹುಡುಗೀರಿಗೆ ಇರುತ್ತೆ, ಭಯ ಬೇಡ. ಮಾತ್ರೆ ತಗೊಳ್ಲಿ, ದಿನಾ ನಡೀಲಿ. ಮುಖದಲ್ಲಿ ವ್ಯತ್ಯಾಸ ಕಾಣೋಕೆ ಆರು ತಿಂಗಳಾದ್ರೂ ಬೇಕು. ಅಲ್ಲೀವರ್ಗೂ ಗದ್ದದ ಕೂದ್ಲು ತೆಗೀತಾ ಇರ್ಲಿ. ಬ್ಲೇಡ್ ತಾಗಿದ್ರೆ ದಪ್ಪ ಬರುತ್ತೆ ಅನ್ನೋದೆಲ್ಲ ಸುಳ್ಳು."

ರಾಮಲಕ್ಷ್ಮಮ್ಮ ಹ್ಞೂಂ ಅಂದಳು. ಡಾಕ್ಟರ ಮುಂದೆ ಹ್ಞೂಂ ಅಂದು, ಮನೆಗೆ ಬಂದು ಎದುರುಮನೆಯವರನ್ನು ಕೇಳುವುದು ನಮ್ಮೆಲ್ಲರ ವೈದ್ಯಪದ್ಧತಿ. ಎದುರುಮನೆಯ ಅಣ್ಣಮ್ಮ ಮಾತ್ರೆಯ ಹಾಳೆ ನೋಡಿ ಎದೆ ಹಿಡಿದುಕೊಂಡಳು.

"ಅಯ್ಯೋ ರಾಮಲಕ್ಷ್ಮಕ್ಕ, ಇದು ಮಕ್ಕಳಾಗ್ದಂಗೆ ನುಂಗೋ ಮಾತ್ರೆ! ನರ್ಸಮ್ಮ ನನ್ ಸೊಸೆಗೆ ಕೊಟ್ಟಿದ್ದು ಇದೇನೇ. ಮದುವೆ ಆಗ್ದಿರೋ ಹುಡ್ಗಿಗೆ ಇದನ್ನ ಕೊಡ್ತಾರಾ?"

ಮಾತ್ರೆ ಅಂದೇ ತಿಪ್ಪೆ ಸೇರಿತು. ಅದರ ಬದಲಿಗೆ ರಾಮಲಕ್ಷ್ಮಮ್ಮ ಹರಕೆ ಹೊತ್ತಳು: ತಿಮ್ಮಪ್ಪನಿಗೆ ಮಗಳ ಮುಡಿ. ಬೋಳಿಸಿದರೆ ತಲೆ ತುಂಬ ದಟ್ಟವಾಗಿ ಬರುತ್ತದೆ, ಗದ್ದವನ್ನು ದೇವರು ನೋಡಿಕೊಳ್ಳುತ್ತಾನೆ.

"ಅಮ್ಮ, ಗದ್ದಕ್ಕೆ ಬ್ಲೇಡ್ ಹಾಕಿದ್ರೆ ದಟ್ಟ ಬರುತ್ತೆ, ಬೇಡ ಅಂತೀಯ. ತಲೆಗೆ ಹಾಕಿದ್ರೂ ದಟ್ಟ ಬರುತ್ತೆ, ಹಾಕ್ಸು ಅಂತೀಯ. ಆ ಡಾಕ್ಟ್ರು ಎರಡೂ ಸುಳ್ಳು ಅಂದ್ರಲ್ಲ?"

"ಡಾಕ್ಟ್ರು ಬ್ಲೇಡ್ ಬೇರೆ, ದೇವರ ಬ್ಲೇಡ್ ಬೇರೆ. ಸುಮ್ನೆ ಬಾರೇ."

ಸುಕನ್ಯ ಹೋಗಿ ಮುಡಿ ಕೊಟ್ಟು ಬಂದಳು. ಕೂದಲು ಮರಳಿ ಬಂತು, ಮೊದಲಿಗಿಂತ ದಟ್ಟವಾಗಿ ಅಲ್ಲ. ಉದ್ದ ಜಡೆ ಅಷ್ಟು ದಿನ ಮುಚ್ಚಿಕೊಂಡಿದ್ದ ನೆತ್ತಿ ಈಗ ಬಸ್ಸಿನಲ್ಲಿ ಹಿಂದೆ ನಿಂತವರಿಗೆಲ್ಲ ಕಾಣುತ್ತಿತ್ತು. ತಲೆಗೆ ಸ್ಕಾರ್ಫ್ ಸುತ್ತಿ ಕೆಲವು ದಿನ ಕಾಲೇಜಿಗೆ ಹೋದಳು. ಆಮೇಲೆ ಕಾಲೇಜನ್ನೇ ಬಿಟ್ಟಳು. ಊರ ಪಕ್ಕದ ಎಲೆಕ್ಟ್ರಾನಿಕ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು.

ಒಂದು ವಿಷಯದಲ್ಲಿ ಮಾತ್ರ ದೇವರು ಒಲಿದಂತಿತ್ತು. ಕೆಲಸಕ್ಕೆ ಸೇರಿದ ಮೇಲೆ ಅವಳ ಗದ್ದ ನುಣುಪಾಯಿತು. ರಾಮಲಕ್ಷ್ಮಮ್ಮ ಅದನ್ನು ನಲ್ಲಿ ಹತ್ತಿರ ಹೇಳಿದಳು, ಮದುವೆಮನೆಗಳಲ್ಲಿ ಹೇಳಿದಳು. ಅವಳ ಮಾತು ನಂಬಿ ಇನ್ನಿಬ್ಬರು ಹುಡುಗಿಯರ ತಲೆಯೂ ಬೋಳಾಯಿತು.

ಎರಡು ಸಾವಿರದ ನಾಲ್ಕರ ಆಯುಧಪೂಜೆಗೆ ಕಾರ್ಖಾನೆಯವರು ಮನೆಮಂದಿಯನ್ನು ಕರೆದರು. ಯಂತ್ರಗಳಿಗೆಲ್ಲ ಬಾಳೆಕಂದು, ಕುಂಬಳಕಾಯಿ. ಹುಡುಗಿಯರೆಲ್ಲ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು. ಸುಕನ್ಯ ಮಾತ್ರ ರೇಷ್ಮೆ ಸೀರೆಯ ಮೇಲೆ ಕೆಲಸದ ನೀಲಿ ಟೋಪಿ ಹಾಕಿ, ಮೂಗಿನಿಂದ ಗದ್ದದವರೆಗೆ ಮಾಸ್ಕ್ ಕಟ್ಟಿಕೊಂಡು ನಿಂತಿದ್ದಳು.

"ಇವತ್ತೂ ಯಾಕೇ ಅದು?" ಎಂದಳು ರಾಮಲಕ್ಷ್ಮಮ್ಮ.

ಪಕ್ಕದ ಮೇಜಿನ ಬದ್ರುನ್ನೀಸಾ ನಕ್ಕಳು. "ಇವಳು ಯಾವಾಗ್ಲೂ ಹಿಂಗೇ ಆಂಟಿ. ಊಟಕ್ಕೂ ಗೋಡೆ ಕಡೆ ತಿರುಗ್ತಾಳೆ. ಬುರ್ಖಾ ನಮ್ದು, ಪರದೆ ಇವಳ್ದು!"

ರಾಮಲಕ್ಷ್ಮಮ್ಮನ ಕೈಯಲ್ಲಿದ್ದ ಸಿಹಿ ಕೈಯಲ್ಲೇ ಉಳಿಯಿತು. ಅಷ್ಟು ಒಳ್ಳೆಯ ಕಾಲೇಜು ಬಿಟ್ಟು ಮಗಳು ದಿನವಿಡೀ ಟೋಪಿ, ಮಾಸ್ಕ್ ಹಾಕಿರಬೇಕಾದ ಈ ಕೆಲಸವನ್ನೇ ಏಕೆ ಹುಡುಕಿಕೊಂಡಳೆಂದು ಈಗ ಹೊಳೆಯಿತು.

ಮನೆಗೆ ನಡೆಯುತ್ತಾ ಮೆಲ್ಲಗೆ ಕೇಳಿದಳು: "ಗದ್ದ ಚೆನ್ನಾಗೇ ಆಯ್ತಲ್ಲ ಕಂದ. ದೇವರು ಕಣ್ಬಿಟ್ಟನಲ್ಲ?"

"ದೇವರಲ್ಲಮ್ಮ, ನಾನು. ದಿನಾ ಕಾರ್ಖಾನೆ ಬಾತ್‌ರೂಮಲ್ಲಿ ಶೇವ್ ಮಾಡ್ಕೋತೀನಿ. ಮನೆಗೆ ಬರೋ ಮುಂಚೆ ಇನ್ನೊಂದ್ಸಲ."

"ಬ್ಲೇಡಾ! ದಪ್ಪ..."

"ಆಗ್ಲಿಲ್ಲ. ಮೊದ್ಲು ಇದ್ದಂಗೇ ಇದೆ."

"ಹೇಳ್ಬಾರ್ದಿತ್ತೇನೇ ನಂಗೆ?"

"ಹೇಳಿದ್ರೆ ನೀನು ಇನ್ನೊಂದು ಹರಕೆ ಹೊರ್ತಿದ್ದೆ."

ಮಾರನೆಯ ವಾರ ತಾಯಿ ಮಗಳು ಮತ್ತೆ ಹಲಸೂರಿಗೆ ಹೋದರು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ರಾಮಲಕ್ಷ್ಮಮ್ಮನಿಗೆ ಹಗುರವಾಗುತ್ತಿತ್ತು. "ಮುಖ ಸುಧಾರಿಸುತ್ತೆ. ತಲೆ ಕೂದ್ಲು ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ. ಆಗಲೇ ಶುರು ಮಾಡಿದ್ದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿ, ಹಾರ್ಮೋನ್ ಸರಿಮಾಡಲೂ ಕೊಡುವ ಅದೇ ಮಾತ್ರೆ ಬರೆದುಕೊಟ್ಟರು.

ವರ್ಷ ಕಳೆಯುವುದರೊಳಗೆ ಮೊಡವೆ ಹೋದವು, ಗದ್ದದ ಕೂದಲೂ ತೆಳುವಾಯಿತು. ಆದರೆ ನಗು ಬಂದಾಗಲೆಲ್ಲ ಸುಕನ್ಯಳ ಕೈ ತಾನಾಗಿ ಮೇಲೇರಿ ಗದ್ದ ಮುಚ್ಚುತ್ತಿತ್ತು. ಕೈ ತೆಗಿ ಮಗಳೇ ಎನ್ನಲು ರಾಮಲಕ್ಷ್ಮಮ್ಮನಿಗೆ ಬಾಯಿ ಬರುತ್ತಿರಲಿಲ್ಲ.