ಸಾವಿರದೈನೂರು ಹಣೆಗೆ ಒಂದು ಡಬ್ಬಿ ಬೂದಿ

ಬೆಳಗಿನ ಐದೂಕಾಲು. ಚರ್ಚಿನ ಹಿತ್ತಲಲ್ಲಿ ಗಾಳಿ ಇನ್ನೂ ಎದ್ದಿಲ್ಲ. ಹಳೆಯ ಕಬ್ಬಿಣದ ಬಾಣಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತ ಅರವತ್ತಮೂರರ ಮಹಿಳೆಯೊಬ್ಬರು ಒಣಗಿದ ತೆಂಗಿನ ಗರಿಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡುತ್ತಿದ್ದಾರೆ. ಒಂದರಿಂದ ಗುಂಡುಪಿನ್ನು ಹೊರಬರುತ್ತದೆ, ಇನ್ನೊಂದರಿಂದ ಪ್ಲಾಸ್ಟಿಕ್ ರಿಬ್ಬನ್ನು. "ಭಕ್ತಿ ಜಾಸ್ತಿಯಾದ್ರೆ ಹಿಂಗೇ, ಗರಿಗೂ ಸಿಂಗಾರ ಮಾಡ್ತಾರೆ. ಇದು ಒಂದು ಚೂರು ಬೆಂಕಿಗೆ ಬಿದ್ರೆ ಇಡೀ ಬೂದಿ ನಾರುತ್ತೆ" ಎಂದು ಗೊಣಗುತ್ತಾ ರಿಬ್ಬನ್ನು ಕಿತ್ತು ಪಕ್ಕಕ್ಕೆಸೆಯುತ್ತಾರೆ.

ನಾಳೆ ಬೂದಿ ಬುಧವಾರ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನ. ಪೂಜೆಗೆ ಬಂದವರೆಲ್ಲರ ಹಣೆಗೆ ಗುರುಗಳು ಬೂದಿಯಿಂದ ಶಿಲುಬೆಯ ಗುರುತು ಹಾಕುತ್ತಾರೆ. ಹೋದ ವರ್ಷ ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರದಂದು ಜನ ಚರ್ಚಿನಿಂದ ಮನೆಗೆ ಒಯ್ದ ಗರಿ ಗೋಡೆಯ ಪಟದ ಹಿಂದೆಯೋ ಟ್ಯಾಕ್ಸಿಯ ಕನ್ನಡಿಯ ಮೇಲೋ ವರ್ಷವಿಡೀ ಒಣಗಿ, ಮತ್ತೆ ಚರ್ಚಿಗೇ ಬಂದು ಈ ಬೂದಿಯಾಗುತ್ತದೆ. ಇಲ್ಲಿ ಇಪ್ಪತ್ತೆಂಟು ವರ್ಷ ಅದನ್ನು ಮಾಡಿದ ಕೈ ಇವರದೇ. ಚರ್ಚಿನ ದಾಖಲೆಯಲ್ಲಿ ಇವರು ಕಸ ಗುಡಿಸುವವರು. ಮಕ್ಕಳ ಬಾಯಲ್ಲಿ ಬೂದಿಯಮ್ಮ. ಆ ಹೆಸರಿಗೆ ಅವರ ತಕರಾರಿಲ್ಲ.

ಈ ಸಲದ ಬೂದಿ ಮಾತ್ರ ಹಣೆಗೆ ಹೋಗುತ್ತದೋ ಹೂಗಿಡಗಳ ಬುಡಕ್ಕೆ ಹೋಗುತ್ತದೋ ಇನ್ನೂ ಗೊತ್ತಿಲ್ಲ. ಗುರುಗಳ ಕಪಾಟಿನಲ್ಲಿ ಅಂಗಡಿಯಿಂದ ತರಿಸಿದ ಬೂದಿಯ ಪ್ಯಾಕೆಟ್ಟು ಬಂದು ಕುಳಿತಿದೆ. ಅದಕ್ಕೆ ಕಾರಣ ಹೋದ ವರ್ಷದ ಫಜೀತಿ.

ಹೋದ ವರ್ಷ ಬೂದಿಯಮ್ಮ ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿದ್ದರು. ಗಾಯನ ಮೇಳದ ಮಾಸ್ತರು "ಬೂದಿ ತಾನೆ, ನಾನೇ ಮಾಡ್ತೀನಿ" ಎಂದು ಮುಂದೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಹಣೆಗೆ ಚೆನ್ನಾಗಿ ಅಂಟಲಿ ಎಂದು ಹಿಂದಿನ ದಿನವೇ ನೀರಿನಲ್ಲಿ ಕಲಸಿಟ್ಟರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಜನರ ಹಣೆ ಉರಿಯತೊಡಗಿತ್ತು. ತೊಳೆದರೆ ಬೂದಿ ಹೋಯಿತು, ಶಿಲುಬೆ ಹೋಗಲಿಲ್ಲ. ಕೆಂಪಗೆ ಬೊಬ್ಬೆಯೆದ್ದು ವಾರಗಟ್ಟಲೆ ಉಳಿಯಿತು. ಮಾಸ್ತರರ ಹಣೆಯಲ್ಲೂ ಒಂದಿತ್ತು.

"ಪಾತ್ರೆ ತಿಕ್ಕಿದ ಯಾರನ್ನಾದ್ರೂ ಕೇಳಿದ್ರೆ ಹೇಳ್ತಿದ್ರು" ಎನ್ನುತ್ತಾರೆ ಬೂದಿಯಮ್ಮ. "ನೀರು ಬಿದ್ರೆ ಬೂದಿಗೆ ಖಾರ ಬರುತ್ತೆ. ಬಾಣಲೆ ಜಿಡ್ಡೇ ಬಿಡಿಸುತ್ತೆ, ಇನ್ನು ನಮ್ಮ ಹಣೆ ಯಾವ ಲೆಕ್ಕ? ನಾಲ್ಕು ತೊಟ್ಟು ಎಣ್ಣೆ, ಅಷ್ಟೇ. ನೀರು ಸೋಕಿಸಬಾರದು."

ಈ ಜನವರಿಯಲ್ಲಿ ಚರ್ಚಿನ ಸಮಿತಿಯ ಸಭೆ ಸೇರಿತು. ಇನ್ನು ಮೇಲೆ ಪ್ಯಾಕೆಟ್ಟೇ ಕ್ಷೇಮ ಎಂದರು ಎಲ್ಲರೂ. ಕುರ್ಚಿ ಜೋಡಿಸಲು ಬಂದಿದ್ದ ಬೂದಿಯಮ್ಮ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ವರ್ಷ ಯಾವ ಸಭೆಯಲ್ಲೂ ತುಟಿ ಪಿಟಕ್ಕೆನ್ನದವರು ಅಂದು ಬಾಯಿಬಿಟ್ಟರು: "ಫಾದರ್, ಆ ಪ್ಯಾಕೆಟ್ಟಲ್ಲಿ ಯಾರ ಮನೆ ಗರಿ ಇದೆ? ನಮ್ಮ ಜನ ತಮ್ಮನೆ ಗರಿ ತಂದುಕೊಡ್ತಾರೆ. ಮಗು ಹುಟ್ಟಿದ ಮನೇದೂ ಇರುತ್ತೆ, ಸಾವಾದ ಮನೇದೂ ಇರುತ್ತೆ. ಎಲ್ಲಾ ಒಂದೇ ಬಾಣಲೇಲಿ ಬೇಯುತ್ತೆ. ಅದನ್ನ ಅಂಗಡೀಲಿ ಕೊಡ್ತಾರಾ?"

ಕೊನೆಗೆ ಗುರುಗಳೇ ಒಂದು ದಾರಿ ಹುಡುಕಿದರು. ಬೂದಿ ಅವರೇ ಮಾಡಲಿ. ಮಂಗಳವಾರ ಅದನ್ನು ಯಾರ ಹಣೆಗಾದರೂ ಹಚ್ಚಿ ಬುಧವಾರ ಬೆಳಿಗ್ಗೆ ತೋರಿಸಲಿ. ಚರ್ಮ ಕೆಂಪಾಗಿದ್ದರೆ ಪ್ಯಾಕೆಟ್ಟು ಒಡೆಯುವುದು.

ಬೂದಿಯಮ್ಮ ಈ ಕೆಲಸಕ್ಕೆ ಬಂದದ್ದು ಗಂಡ ಕಟ್ಟಡದ ಸಾರದಿಂದ ಬಿದ್ದ ವರ್ಷ. ಗಾರೆ ಕೆಲಸದ ಆತನ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಎರಡು ಮಕ್ಕಳು, ಒಂದು ಕೋಣೆಯ ಬಾಡಿಗೆ ಮನೆ. ಅಂದಿನಿಂದ ದಿನಾ ಐವತ್ತೆರಡು ಬೆಂಚು ಒರೆಸುತ್ತಾರೆ, ಆರು ದೀಪಸ್ತಂಭಗಳ ಮೇಣ ಕೆರೆಯುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೆ ನೇರಳೆ ಬಟ್ಟೆ, ಹಬ್ಬಕ್ಕೆ ಬಿಳಿ, ಹೀಗೆ ಬಲಿಪೀಠದ ಹೊದಿಕೆ ಬದಲಾಗುವುದು ಇವರ ಕೈಯಲ್ಲೇ. ಗಂಡನಿಗೆ ಎಲ್ಲದರಲ್ಲೂ ಸಹಾಯ ಮಾಡುವ ಅಪ್ಪಣೆಯಿದೆ, ಬೂದಿ ಜರಡಿ ಹಿಡಿಯುವ ಹೊತ್ತು ಬಿಟ್ಟು. "ಒಂದು ಸಲ ಸೀನಿದ್ರು ನೋಡಿ, ಅರ್ಧ ಚರ್ಚಿನ ಜನದ ಬೂದಿ ಗೋಡೆ ಮೇಲೆ!"

ಬೆಂಕಿ ಹತ್ತಿದ ಮೇಲೆ ಬಾಣಲೆಯ ಬಾಯಿ ಮುಚ್ಚಬೇಕು. ಗಾಳಿಯಾಡಿದರೆ ಬೂದಿ ಬೆಳ್ಳಗಾಗುತ್ತದೆ, ಹಣೆಯ ಮೇಲೆ ಕಾಣುವುದಿಲ್ಲ. ಉಸಿರುಗಟ್ಟಿ ಬೆಂದರೆ ಕಪ್ಪು. ಆಮೇಲೆ ಕುಟ್ಟಿ, ತೆಳುಬಟ್ಟೆಯಲ್ಲಿ ಮೂರು ಸಲ ಸೋಸಬೇಕು. ಮೂರು ಮೂಟೆ ಗರಿಗೆ ಉಳಿಯುವುದು ಒಂದು ಟೀಪುಡಿ ಡಬ್ಬಿಯಷ್ಟು. ಸಾವಿರದೈನೂರು ಹಣೆಗೆ ಅದೇ ಸಾಕು. ಬಟ್ಟೆಯಲ್ಲಿ ನಿಂತ ತರಿಯನ್ನೂ ಕಸಕ್ಕೆ ಹಾಕುವಂತಿಲ್ಲ. ಅದು ಪವಿತ್ರವಾದ ಗರಿ, ಗಿಡದ ಬುಡದಲ್ಲಿ ಹೂಳಬೇಕು.

ಮಧ್ಯಾಹ್ನ ಎಣ್ಣೆ ಬೆರೆಸುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಗಾಯನ ಮೇಳದ ಮಾಸ್ತರು. ಒಂದು ವರ್ಷ ಇವರ ಕಣ್ಣು ತಪ್ಪಿಸಿ ಓಡಾಡಿದ ಮನುಷ್ಯ. ಬಂದವರೇ ತಲೆ ಬಗ್ಗಿಸಿ, "ಮೊದಲು ನನ್ನ ಹಣೆಗೆ ಹಚ್ಚಿ ಅಕ್ಕಾ" ಎನ್ನುತ್ತಾರೆ.

"ಸುಟ್ಟುಕೊಂಡಿದ್ದು ಸಾಲದಾ ನಿಮಗೆ?"

"ನಿಮ್ಮ ಕೈಯಲ್ಲಿ ಸುಡಲ್ಲ ಅಂತ ಗೊತ್ತು. ಊರಿಗೂ ಗೊತ್ತಾಗಲಿ."

ಬೂದಿಯಮ್ಮನ ಕಣ್ಣು ತುಂಬುತ್ತದೆ. ಹೊಗೆ ಆರಿ ಎಷ್ಟೋ ಹೊತ್ತಾಗಿದೆ, ಅದರ ಮೇಲೆ ಹಾಕುವಂತಿಲ್ಲ. ಮಾಸ್ತರರ ಹಣೆಗೊಂದು ಗೆರೆ ಎಳೆದು ತಮ್ಮ ಹಣೆಗೂ ಒಂದು ಎಳೆದುಕೊಳ್ಳುತ್ತಾರೆ.

ಬುಧವಾರ ಬೆಳಗಿನ ಪೂಜೆಗೆ ಹತ್ತು ನಿಮಿಷವಿದೆ. ಗುರುಗಳು ಒದ್ದೆ ಬಟ್ಟೆಯಿಂದ ಎರಡೂ ಹಣೆಗಳನ್ನು ತಾವೇ ಒರೆಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಕೆಂಪಿಲ್ಲ, ಬೊಬ್ಬೆಯಿಲ್ಲ. ಟೀಪುಡಿ ಡಬ್ಬಿಯ ಬೂದಿಯನ್ನು ಬೆಳ್ಳಿಬಟ್ಟಲಿಗೆ ಸುರಿದು ಬಲಿಪೀಠದತ್ತ ನಡೆಯುತ್ತಾರೆ.

ಸಾಲಿನ ಕೊನೆಯಲ್ಲಿ ಬೂದಿಯಮ್ಮ ನಿಲ್ಲುತ್ತಾರೆ. ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತಾ ಗುರುಗಳು ಅವರ ಹಣೆಗೂ ಶಿಲುಬೆ ಬರೆಯುತ್ತಾರೆ. ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ಗಂಡ ಕೇಳುತ್ತಾರೆ, "ಏನಂದ್ರು ಫಾದರ್ರು?"

"ಮಣ್ಣಿಗೆ ಹೋಗ್ತೀಯ ಅಂದ್ರು. ಹೋಗೋಣ, ಅದಕ್ಕೇನಂತೆ. ಅಲ್ಲೀವರೆಗೂ ಬೂದಿ ನಂದೇ."