ಸರ್ವರ್ ಹಿಂದಿನ ಮಂಡಕ್ಕಿ ಚೀಲ

ಇವತ್ತು ಮಂಡಿಪೇಟೆಯಲ್ಲಿ ಮಂಡಕ್ಕಿ ಕೊಳ್ಳುವಾಗ, ಅದರ ಘಮಕ್ಕೆ ಹರಿಹರದ ಒಂದು ತಣ್ಣನೆಯ ಕೋಣೆ ನೆನಪಾಯಿತು ನೋಡಿ. ಅದು ಕಾರ್ಖಾನೆಯೊಂದರ ಸರ್ವರ್ ಕೋಣೆ. ನನ್ನ ಮೊದಲ ಕೆಲಸ. ಗುಡಿಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ, ಎಸಿ ಗಾಳಿಗೆ ಮೈ ಜುಮ್ಮೆನ್ನುತ್ತಿತ್ತು.

ಒಂದು ಮಳೆಗಾಲ, ಎಸಿ ಓಡುತ್ತಿದ್ದರೂ ಸರ್ವರ್ ಕಾದು ಕಾದು ನಿಲ್ಲತೊಡಗಿತು. "ಇನ್ನೊಂದ್ಸಲ ನಿಂತ್ರೆ ನಾಳೆಯಿಂದ ನೀನು ಬರಾದು ಬ್ಯಾಡಪ್ಪ" ಎಂದರು ಮ್ಯಾನೇಜರ್. ನನಗೆ ದಿಕ್ಕೇ ತೋಚಲಿಲ್ಲ.

ಕಸ ಗುಡಿಸುವ ವೀರಪ್ಪಜ್ಜ ಕೀಬೋರ್ಡ್ ಮುಟ್ಟಿದವರೇ ಅಲ್ಲ. ಮಗುವಿನ ಜ್ವರ ನೋಡುವಂತೆ ಸರ್ವರ್ ಪೆಟ್ಟಿಗೆಯ ಸುತ್ತ ಅಂಗೈ ಆಡಿಸಿದರು. ಕಂಪ್ಯೂಟರ್ ಓದಿ ಬಂದಿದ್ದ ನಾನು ಆ ಅಂಗೈಯನ್ನೇ ನೋಡುತ್ತ ನಿಂತೆ.

"ಬಿಸಿ ಗಾಳಿ ಹೊರಗೆ ಬರಾಕ ಜಾಗನೇ ಇಲ್ಲ ತಮ್ಮಾ" ಎಂದವರೇ, ಹಿಂದಿನಿಂದ ಒಂದು ಮಂಡಕ್ಕಿ ಚೀಲ ಎಳೆದರು.

ಮ್ಯಾನೇಜರ್ ತಲೆ ಕೆರೆದುಕೊಂಡರು. "ಮಳೆಗೆ ಮೆತ್ತಗಾಗ್ತೈತೆ ಅಂತ ಆ ಬಿಸಿ ಗಾಳಿಗೆ ನಾನೇ ಇಟ್ಟಿದ್ದೆ ಅಜ್ಜಾ."

ಅಜ್ಜ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. "ಗರಿಗರಿ ಐತ್ರೀ ಸಾಹೇಬ್ರೆ!"

ಆಮೇಲೆ ಸರ್ವರ್ ನಿಲ್ಲಲಿಲ್ಲ, ನನ್ನ ಕೆಲಸವೂ ಉಳಿಯಿತು. ಇವತ್ತಿಗೂ ಯಾವ ಯಂತ್ರ ಕೆಟ್ಟರೂ ನಾನು ಮೊದಲು ಅಂಗೈ ಇಡುತ್ತೇನೆ, ಆಮೇಲೆ ಅದರ ಹಿಂದೆ ಇಣುಕುತ್ತೇನೆ.