ಸೋಫುರಾ ಫುಫುವಿನ ಅರಿಶಿನದ ಹಾಡುಗಳು

ಧುಲಿಯಾನಿನ ನಮ್ಮ ಬೀಡಿ ಓಣಿಯ ಮದುವೆಗಳಲ್ಲೆಲ್ಲ ಹಾಡು ಎತ್ತಿಕೊಡುತ್ತಿದ್ದವಳು ನನ್ನಪ್ಪನ ಅಕ್ಕ ಸೋಫುರಾ ಫುಫು. ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಪಿಸುದನಿಯಷ್ಟೇ ಉಳಿದಿದೆ. ಅವಳು ಹಿಂದೆ ಹಾಡಿದ್ದ ಹಾಡುಗಳು ಮಗಳ ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದವು. ಫುಫು ತಾನು ಬೀಡಿ ಕಟ್ಟುವಾಗ ಕೇಳುವ, ಪರದೆಯೇ ಇಲ್ಲದ ಹಳೇ ಪ್ಲೇಯರಿಗೆ ಅವನ್ನು ಡೌನ್‌ಲೋಡ್ ಅಂಗಡಿಯ ಮೊತಾಲೇಬನಿಂದ ತುಂಬಿಸಿಕೊಂಡು ಬಂದಳು.

ಮರುದಿನ ನನ್ನ ಚಿಕ್ಕಪ್ಪನ ಮಗಳು ತಹಮಿನಾಗೆ ಅರಿಶಿನ. ಅದಕ್ಕೆ ಮುಂಚೆ ಒಮ್ಮೆ ಕೇಳೋಣವೆಂದು ಅಂಗಳದಲ್ಲಿ ಹಾಕಿದರೆ ಮೊದಲೇ ಬಂದದ್ದು ಹೆಣ್ಣೊಪ್ಪಿಸುವ ಹಾಡು. ತಹಮಿನಾ ಅಳತೊಡಗಿದಳು.

“ಅರಿಶಿನ ಅರೆಯೋಕೆ ಮುಂಚೇನೇ ಹುಡುಗೀನ ಅಟ್ತೀಯೇನೇ? ಅಪಶಕುನ! ನಾಳೆ ಈ ಡಬ್ಬಿ ಬೇಡ,” ಎಂದಳು ಅಜ್ಜಿ.

ಫುಫು ಪ್ಲೇಯರು ಎತ್ತಿಕೊಂಡು ಅಂಗಡಿಗೆ ನಡೆದಳು. ನಾನೂ ಹೋದೆ.

“ಹೆಸರಿನ ಮುಂದೆ ಒಂದು, ಎರಡು ಅಂತ ನಂಬರ್ ಹಾಕಿದ್ನಲ್ಲ ಫುಫು,” ಎಂದು ಮೊತಾಲೇಬ ತಲೆ ಕೆರೆದುಕೊಂಡ. ಆಮೇಲೆ ಅವನಿಗೆ ಹೊಳೆಯಿತು. ಪ್ಲೇಯರನ್ನು ಬೆರಳಿಂದ ತಟ್ಟಿ ಹೇಳಿದ. “ಈ ಮುದುಕಂಗೆ ಓದೋಕೆ ಬರಲ್ಲ. ಯಾವುದು ಮೊದಲು ಒಳಗೆ ಹೋಯ್ತೋ ಅದನ್ನೇ ಮೊದಲು ಹಾಡ್ತಾನೆ. ನಾನು ಎಲ್ಲಾನೂ ಒಟ್ಟಿಗೆ ಸುರಿದುಬಿಟ್ಟೆ.”

“ಹಂಗಾದ್ರೆ ಊಟ ಬಡಿಸೋ ಹಾಗೆ ಒಂದಾದ ಮೇಲೊಂದು ಹಾಕಪ್ಪ,” ಫುಫು ಪಿಸುಗುಟ್ಟಿದಳು.

ಅವನು ಎಲ್ಲವನ್ನೂ ಅಳಿಸಿದ. ಅವಳು ತಲೆಯಾಡಿಸಿದ ಮೇಲೆಯೇ ಒಂದೊಂದು ಹಾಡು ಒಳಗೆ ಹೋಯಿತು. ಅರಿಶಿನ ಅರೆಯುವ ಹಾಡು, ನೀರು ತರುವ ಹಾಡು, ಮೆಹಂದಿಯ ಹಾಡು. ಹೆಣ್ಣೊಪ್ಪಿಸುವುದು ಕಟ್ಟಕಡೆಗೆ.

ಮರುದಿನ ಮೊದಲ ಸಾಲನ್ನು ಪ್ಲೇಯರು ಹಾಡಿತು. ಎರಡನೆಯದನ್ನು ಓಣಿಯ ಹೆಂಗಸರೆಲ್ಲ ಎತ್ತಿಕೊಂಡರು. ಫುಫು ನಡುವೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

“ಸದ್ದು ಜಾಸ್ತಿ ಮಾಡೇ ಸೋಫುರಾ, ನಿನ್ನ ದನಿ ನಂಗೆ ಕೇಳಿಸ್ತಿಲ್ಲ,” ಎಂದು ಅಜ್ಜಿ ಅರೆಯುವ ಕಲ್ಲಿನ ಬಳಿಯಿಂದ ಕೂಗಿದಳು.